ಎಪ್ಪತ್ತು ಸಾವಿರದ ರ‍್ಯಾಂಕ್ ಮತ್ತು ಹಾವೇರಿಯ ಒಂದು ಝೆರಾಕ್ಸ್ ಅಂಗಡಿ

ಹಾವೇರಿ ಬಸ್ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಈ ಅಂಗಡಿಗೆ ಹೆಸರಿಲ್ಲ. ಫಲಕದ ಮೇಲೆ ‘ಝೆರಾಕ್ಸ್, ಲ್ಯಾಮಿನೇಷನ್, ಎಲ್ಲ ತರಹದ ಆನ್‌ಲೈನ್ ಅರ್ಜಿ’ ಎಂದಷ್ಟೇ ಬರೆದಿದೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಬಂದವರಿಗೆ ಕುಳಿತುಕೊಳ್ಳಲು ಒಂದು ಬೆಂಚು. ನಡೆಸುವವರು ನಲವತ್ತು ದಾಟಿದ ಒಬ್ಬ ಹೆಣ್ಣುಮಗಳು. ಎಲ್ಲರೂ ಅವರನ್ನು ಅಕ್ಕಾವರು ಎಂದೇ ಕರೆಯುತ್ತಾರೆ. 2025ರಲ್ಲಿ ನನ್ನ ಮಗಳ ವೈದ್ಯಕೀಯ ಸೀಟಿನ ಕೆಲಸವೆಲ್ಲ ಈ ಬೆಂಚಿನ ಮೇಲೆ ನಡೆಯಿತು. ಈ ವರ್ಷ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ ಮಕ್ಕಳು ಪಡೆದ ಅಂಕ ಹಿಡಿದುಕೊಂಡು ಯಾರ ಬಳಿ ಹೋಗಬೇಕೆಂದು ತಿಳಿಯದೆ ನಿಂತಿರುವ ತಂದೆತಾಯಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಊರು ಮೋಟೆಬೆನ್ನೂರು. ಮಗಳು ಹತ್ತನೇ ತರಗತಿಯವರೆಗೆ ಊರಿನಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಗೆ ಹಾವೇರಿಗೆ ಬಸ್ಸಿನಲ್ಲಿ ಓಡಾಡಿದಳು. ನಮ್ಮ ಮನೆಯಲ್ಲಿ ಡಾಕ್ಟರು ಎಂದರೆ ಚೀಟಿ ಬರೆದು ಕೊಡುವವರು, ಅಷ್ಟೇ ಗೊತ್ತು. ಡಾಕ್ಟರಾಗುವ ದಾರಿ ಯಾವುದೆಂದು ಹೇಳಬಲ್ಲವರು ನೆಂಟರಲ್ಲೂ ಇರಲಿಲ್ಲ.

ಮೇ 4ರಂದು ಧಾರವಾಡದಲ್ಲಿ ಪರೀಕ್ಷೆ ಬರೆದು ಹೊರಬಂದವಳ ಮುಖ ನೋಡಿದಾಗಲೇ ನನ್ನ ಕೈಕಾಲು ತಣ್ಣಗಾದವು. “ಅಪ್ಪಾ, ಭೌತಶಾಸ್ತ್ರ ಕೈಕೊಟ್ಟಿತು” ಎಂದಳು. ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಬರುವಷ್ಟು ಹೊತ್ತೂ ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು. ಜೂನ್ 14ರಂದು ಫಲಿತಾಂಶ ಬಂತು. 720ಕ್ಕೆ 487. ಅಖಿಲ ಭಾರತ ರ‍್ಯಾಂಕ್ ಎಪ್ಪತ್ತು ಸಾವಿರದ ಆಸುಪಾಸು. ಹಿಂದಿನ ವರ್ಷ ನಮ್ಮ ಪಕ್ಕದ ಓಣಿಯ ಹುಡುಗ 590 ತೆಗೆದೂ ಸರ್ಕಾರಿ ಸೀಟು ಸಿಗದೆ ಮತ್ತೊಮ್ಮೆ ಓದಲು ಕುಳಿತಿದ್ದ. 487 ಎಂದು ಕೇಳಿದವರೆಲ್ಲ ಸಾವಿನ ಮನೆಗೆ ಬಂದವರಂತೆ ಮಾತನಾಡಿದರು.

ಆ ಗಾಬರಿಯಲ್ಲೇ ನಾನು ಹುಬ್ಬಳ್ಳಿಯ ಒಂದು ಸಲಹಾ ಕೇಂದ್ರಕ್ಕೆ ಹೋದೆ. ಹೆಸರು ಹೇಳುವುದಿಲ್ಲ. ಹವಾನಿಯಂತ್ರಿತ ಕೋಣೆ, ಗೋಡೆಯ ತುಂಬ ಬಿಳಿ ಕೋಟು ತೊಟ್ಟ ಮಕ್ಕಳ ಚಿತ್ರ. ಮುಂಗಡ ಐದು ಸಾವಿರ, ಒಟ್ಟು ಹದಿನೈದು ಸಾವಿರ. ನನ್ನ ತಿಂಗಳ ಸಂಬಳ ಹದಿನೆಂಟು. ಅಲ್ಲಿನ ತರುಣ ಮಗಳ ಅಂಕವನ್ನು ಕಂಪ್ಯೂಟರಿಗೆ ಹಾಕಿದ. ತೆರೆಯ ಮೇಲೆ ಕೆಂಪು ಬಣ್ಣದ ಗೆರೆ ಬಂತು. “ಸರ್ಕಾರಿ ಸೀಟಿನ ಸಾಧ್ಯತೆ ಇಲ್ಲವೇ ಇಲ್ಲ. ಖಾಸಗಿ ಕೋಟಾದಲ್ಲಿ ವರ್ಷಕ್ಕೆ ಹನ್ನೆರಡು ಲಕ್ಷದ ಆಸುಪಾಸಿನಲ್ಲಿ ಕೊಡಿಸುತ್ತೇವೆ. ಈಗಲೇ ಹೇಳಿದರೆ ಒಳ್ಳೆಯದು” ಎಂದ. ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷದ ಓದು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ನಾನು ಲೆಕ್ಕದವನು, ಕುಳಿತಲ್ಲೇ ಗುಣಿಸಿದೆ. ನಮ್ಮ ಎರಡೆಕರೆ ಹೊಲ ಮಾರಿದರೂ ಸಾಲುವುದಿಲ್ಲ.

ಅವನು ಮಗಳನ್ನು ಕೇಳಿದ್ದು ಎರಡೇ ಮಾತು: ಅಂಕ ಎಷ್ಟು, ಜಾತಿ ಯಾವುದು. ಎಲ್ಲಿ ಓದಿದೆ, ಯಾವ ಮಾಧ್ಯಮದಲ್ಲಿ ಓದಿದೆ ಎಂದು ಕೇಳಲಿಲ್ಲ. ಕೇಳದೆ ಬಿಟ್ಟ ಆ ಎರಡು ಪ್ರಶ್ನೆಗಳ ಬೆಲೆ ನನಗೂ ಆಗ ತಿಳಿದಿರಲಿಲ್ಲ.

ಹಾವೇರಿಯ ಅಂಗಡಿಗೆ ಹೋದದ್ದು ಸಲಹೆಗಲ್ಲ, ಆದಾಯ ಪ್ರಮಾಣಪತ್ರದ ಪ್ರತಿ ತೆಗೆಸಲು. ಮಗಳು ಸುಮ್ಮನೆ ನಿಂತದ್ದನ್ನು ಕಂಡು ಅಕ್ಕಾವರೇ ಕೇಳಿದರು: “ತಂಗಿ, ನೀಟ್ ಬರೆದಿದ್ದೀಯಾ? ಅಂಕ ಬೇಡ, ರ‍್ಯಾಂಕ್ ಹೇಳು. ಒಂದರಿಂದ ಹತ್ತರವರೆಗೆ ಎಲ್ಲಿ ಓದಿದೆ?” ಮೋಟೆಬೆನ್ನೂರು ಎಂದಳು. “ಯಾವ ಮಾಧ್ಯಮ?” ಕನ್ನಡ ಎಂದಳು. ಅಕ್ಕಾವರು ಕೈಯಲ್ಲಿದ್ದ ಕಾಗದ ಕೆಳಗಿಟ್ಟು ನನ್ನ ಕಡೆ ತಿರುಗಿದರು. “ಅಣ್ಣಾವರೇ, ಕುಳಿತುಕೊಳ್ಳಿ. ಅವಸರ ಮಾಡಬೇಡಿ. ಯಾರಿಗೂ ಹಣ ಕೊಡಬೇಡಿ.”

ಐದು ಸಾವಿರ ಆಗಲೇ ಕೊಟ್ಟಾಗಿತ್ತು. ಅದನ್ನು ನಾನು ಆ ದಿನ ಬಾಯಿಬಿಟ್ಟು ಹೇಳಲಿಲ್ಲ.

ಅವರು ಮೊದಲು ಬಿಡಿಸಿ ಹೇಳಿದ್ದು ಅಂಕಕ್ಕೂ ರ‍್ಯಾಂಕಿಗೂ ಇರುವ ವ್ಯತ್ಯಾಸ. 2024ರಲ್ಲಿ ಪರಿಷ್ಕೃತ ಫಲಿತಾಂಶ ಬಂದ ಮೇಲೂ 720ಕ್ಕೆ 720 ಪಡೆದವರು ದೇಶದಲ್ಲಿ 17 ಮಂದಿ ಇದ್ದರು. 2025ರ ಪ್ರಶ್ನೆಪತ್ರಿಕೆ ಎಷ್ಟು ಬಿಗಿಯಾಗಿತ್ತೆಂದರೆ ದೇಶಕ್ಕೇ ಮೊದಲಿಗನಾದವನ ಅಂಕ 686. ಇದೇ 487 ಒಂದು ವರ್ಷ ಮೊದಲು ಬಂದಿದ್ದರೆ ರ‍್ಯಾಂಕ್ ಎರಡು ಲಕ್ಷದ ಆಚೆ ಹೋಗುತ್ತಿತ್ತು. ಹುಬ್ಬಳ್ಳಿಯಲ್ಲಿ ನೋಡಿದ ಕೆಂಪು ಗೆರೆಯ ಗುಟ್ಟು ಆಗ ತಿಳಿಯಿತು. ಅಲ್ಲಿಯವರು ಆ ವರ್ಷದ ಅಂಕವನ್ನು ಹಳೆಯ ವರ್ಷದ ಅಂಕದ ಪಟ್ಟಿಗೆ ಹಚ್ಚಿ ನೋಡಿದ್ದರು.

ಇದು ನನಗೆ ಒಂದೇ ಮಾತಿಗೆ ಅರ್ಥವಾಗಬೇಕಿತ್ತು. ನಮ್ಮ ಪೇಟೆಯಲ್ಲಿ ಸೋಮವಾರದ ದರ ಗುರುವಾರಕ್ಕೆ ನಿಲ್ಲುವುದಿಲ್ಲ. ಆವಕ ಎಷ್ಟು, ಬಂದ ಚೀಲಗಳಲ್ಲಿ ನಮ್ಮ ಲಾಟ್ ಎಷ್ಟನೆಯ ಗುಣದ್ದು ಎಂಬುದರ ಮೇಲೆ ಟೆಂಡರ್ ಬೀಳುತ್ತದೆ. ಹೋದ ವರ್ಷದ ಪಟ್ಟಿ ಹಿಡಿದುಕೊಂಡು ಬಂದು ಇಷ್ಟೇ ದರ ಕೊಡಿ ಎನ್ನುವ ರೈತನಿಗೆ ಸಮಾಧಾನ ಹೇಳುತ್ತಾ ಇಪ್ಪತ್ತು ವರ್ಷ ಕಳೆದವನು ನಾನು. ಆದರೆ ಮಗಳ ವಿಷಯಕ್ಕೆ ಬಂದಾಗ ಆ ತಿಳಿವಳಿಕೆ ಎಲ್ಲಿ ಹೋಗಿತ್ತೋ! ರ‍್ಯಾಂಕ್ ಎಂದರೆ ಸಾಲಿನಲ್ಲಿ ನಮ್ಮ ಜಾಗ. ಪತ್ರಿಕೆ ಸುಲಭವಿರಲಿ, ಕಠಿಣವಿರಲಿ, ಸಾಲು ಸಾಲೇ.

ಆಮೇಲೆ ಅಕ್ಕಾವರು ರಾಜ್ಯದ ಸೀಟುಗಳನ್ನು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣ ತೆರೆದು ಹಿಂದಿನ ವರ್ಷದ ಕಟ್ ಆಫ್ ಪಟ್ಟಿಗಳನ್ನು ಮುದ್ರಿಸಿ ಕೊಟ್ಟರು. ಇವು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ, ಯಾರ ಮೊಬೈಲಿನಲ್ಲಾದರೂ ತೆರೆಯುತ್ತವೆ. ಪ್ರತಿ ಕಾಲೇಜಿನ ಮುಂದೆ ಯಾವ ವರ್ಗದ ಸೀಟು ಯಾವ ರ‍್ಯಾಂಕಿಗೆ ಮುಗಿಯಿತು ಎಂಬ ಅಂಕಿ. ಮೊದಲ ಸಲ ನೋಡಿದಾಗ ನನಗೆ ಇರುವೆ ಸಾಲಿನಂತೆ ಕಂಡಿತು. ಅಕ್ಕಾವರು ಹಳದಿ ಬಣ್ಣದ ಪೆನ್ನಿನಿಂದ ಗುರುತು ಹಾಕುತ್ತಾ ಓದಲು ಕಲಿಸಿದರು. ಜಿಎಂ ಎಂದರೆ ಸಾಮಾನ್ಯ ಅರ್ಹತೆ, ಅದು ಎಲ್ಲರಿಗೂ ತೆರೆದದ್ದು. 3ಬಿ ಎಂಬುದು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನಮ್ಮ ವರ್ಗ, 3ಬಿಜಿ ಎಂದರೆ ಅದರ ಸಾಮಾನ್ಯ ಸೀಟು. 3ಬಿಆರ್ ಎಂದರೆ ಅದೇ ವರ್ಗದ ಗ್ರಾಮೀಣ. 3ಬಿಕೆ ಎಂದರೆ ಅದೇ ವರ್ಗದ ಕನ್ನಡ ಮಾಧ್ಯಮ. ರಾಜ್ಯದ ಸೀಟುಗಳಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5ರ ಒಳಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗೆ, ಪೂರ್ತಿ ಹತ್ತು ವರ್ಷ, ಓದಿರಬೇಕು.

ಒಂದೇ ಕಾಲೇಜಿನ ಒಂದೇ ಸಾಲಿನಲ್ಲಿ ಈ ನಾಲ್ಕು ಕಂಬಗಳ ಅಂಕಿಗಳು ಬೇರೆಬೇರೆ ಇರುವುದನ್ನು ಕಣ್ಣಾರೆ ಕಂಡೆ. ಸಾಮಾನ್ಯ ಕಂಬದಲ್ಲಿ ನಮ್ಮ ರ‍್ಯಾಂಕ್ ಹೊರಗೇ ನಿಂತಿತ್ತು. ಕೆಲವು ಕಾಲೇಜುಗಳ ಗ್ರಾಮೀಣ ಮತ್ತು ಕನ್ನಡದ ಕಂಬಗಳಲ್ಲಿ ಒಳಗೆ ಬರುವ ಅಂಕಿಗಳಿದ್ದವು, ಅದರಲ್ಲೂ ಸೀಟು ಹಂಚಿಕೆಯ ಎರಡನೇ ಸುತ್ತಿನ ಪಟ್ಟಿಯಲ್ಲಿ. ಮಗಳು ಬೆರಳಿಟ್ಟು ಓದುತ್ತಿದ್ದಳು. ಫಲಿತಾಂಶ ಬಂದ ಮೇಲೆ ಅವಳ ದನಿ ಎತ್ತರಕ್ಕೆ ಏರಿದ್ದು ಅಂದೇ ಮೊದಲು.

“ಎಚ್ ಸೇರಿದ ಕಂಬಗಳ ಕಡೆ ನೋಡಬೇಡ” ಎಂದು ಅಕ್ಕಾವರು ನಡುವೆ ತಡೆದರು. ಅವು ಸಂವಿಧಾನದ 371ಜೆ ಪ್ರಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮೀಸಲಾದವು. ಗದಗದವರೊಬ್ಬರು ಪಕ್ಕದ ಕೊಪ್ಪಳದ ನೆಂಟರ ಹುಡುಗಿಗೆ ಸಿಕ್ಕ ರ‍್ಯಾಂಕ್ ನೋಡಿ ತಮ್ಮ ಮಗನಿಗೂ ಸಿಗುತ್ತದೆಂದು ನಂಬಿ ಕುಳಿತಿದ್ದರಂತೆ. ಕೊಪ್ಪಳ ಆ ಪಟ್ಟಿಯಲ್ಲಿದೆ. ಗದಗ, ಹಾವೇರಿ, ಧಾರವಾಡ ಇಲ್ಲ. ಜಿಲ್ಲೆಯ ಗಡಿ ದಾಟಿದರೆ ಲೆಕ್ಕವೇ ಬೇರೆ.

ಅದೇ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಒಬ್ಬ ತಾಯಿ ಕುಳಿತಿದ್ದರು. ಅವರ ಮಗನ ರ‍್ಯಾಂಕ್ ನನ್ನ ಮಗಳದ್ದಕ್ಕಿಂತ ಸ್ವಲ್ಪ ಉತ್ತಮವಾಗಿತ್ತು. ಎಂಟನೆಯವರೆಗೆ ಹಳ್ಳಿಯಲ್ಲಿ ಓದಿಸಿ, ಒಳ್ಳೆಯದಾಗಲಿ ಎಂದು ಒಂಬತ್ತಕ್ಕೆ ಪಟ್ಟಣದ ಇಂಗ್ಲಿಷ್ ಶಾಲೆಗೆ ಹಾಕಿದ್ದರು. ಗ್ರಾಮೀಣವೂ ಹೋಯಿತು, ಕನ್ನಡ ಮಾಧ್ಯಮವೂ ಹೋಯಿತು. ಎರಡು ವರ್ಷದ ಬದಲಾವಣೆ ಎರಡು ಬಾಗಿಲು ಮುಚ್ಚಿತ್ತು. ಆ ತಾಯಿ ಸೆರಗಿನ ಅಂಚು ಸುತ್ತುತ್ತಾ, “ನಾನೇ ಹಠ ಮಾಡಿ ಸೇರಿಸಿದೆ” ಎಂದು ಮೂರು ಸಲ ಹೇಳಿದರು. ಅಕ್ಕಾವರು ಅವರಿಗೆ ಸುಳ್ಳು ಭರವಸೆ ಕೊಡಲಿಲ್ಲ. ಖಾಸಗಿ ಕಾಲೇಜುಗಳಲ್ಲೂ ಸರ್ಕಾರಿ ಕೋಟಾದ ಸೀಟುಗಳಿವೆ, ಶುಲ್ಕ ಒಂದೂವರೆ ಲಕ್ಷದ ಆಸುಪಾಸು, ಅಲ್ಲಿ ನಿಮ್ಮ ಮಗ ಬರಬಹುದು ಎಂದು ಆ ಪಟ್ಟಿಯನ್ನೂ ತೆಗೆದು ತೋರಿಸಿದರು. ಆಗ ಸರ್ಕಾರಿ ಕಾಲೇಜಿನ ಶುಲ್ಕ ವರ್ಷಕ್ಕೆ ಅರವತ್ತು ಸಾವಿರ ಚಿಲ್ಲರೆ ಇತ್ತು. ಹನ್ನೆರಡು ಲಕ್ಷ, ಒಂದೂವರೆ ಲಕ್ಷ, ಅರವತ್ತು ಸಾವಿರ: ಈ ಮೂರು ಅಂಕಿಗಳ ನಡುವೆ ಒಂದು ಮನೆತನ ಉಳಿಯುತ್ತದೆ ಅಥವಾ ಮುಳುಗುತ್ತದೆ.

ನನಗೆ ಅತಿ ಹೆಚ್ಚು ಉಪಕಾರವಾದದ್ದು ಕಾಲೇಜುಗಳ ಕ್ರಮದ ವಿಷಯದಲ್ಲಿ. ಹುಬ್ಬಳ್ಳಿಯ ಕೇಂದ್ರದವರು “ಸಿಗುವಂಥ ಕಾಲೇಜನ್ನು ಮೊದಲು ಹಾಕಿ, ಸಿಗದೇ ಇರುವುದನ್ನು ಮೊದಲು ಹಾಕಿದರೆ ಅವಕಾಶ ವ್ಯರ್ಥ” ಎಂದಿದ್ದರು. ಇದು ಪೂರ್ತಿ ತಪ್ಪು, ಮಕ್ಕಳ ಬಾಳಿಗೆ ಪೆಟ್ಟು ಕೊಡುವಂಥ ತಪ್ಪು. ಕಂಪ್ಯೂಟರು ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬರುತ್ತದೆ. ಮೊದಲು ಖಾಲಿ ಸಿಕ್ಕಿದ್ದನ್ನು ಕೊಟ್ಟು ಅಲ್ಲಿಗೇ ನಿಲ್ಲುತ್ತದೆ. ಮೇಲೆ ಬರೆದದ್ದು ಸಿಗದಿದ್ದರೆ ಕೆಳಗಿನದಕ್ಕೆ ಕಿಂಚಿತ್ತೂ ತೊಂದರೆ ಇಲ್ಲ. ಆದರೆ ಗದಗವನ್ನು ಹುಬ್ಬಳ್ಳಿಗಿಂತ ಮೇಲೆ ಬರೆದು ಗದಗ ಸಿಕ್ಕಿಬಿಟ್ಟರೆ, ಹುಬ್ಬಳ್ಳಿಯ ಸೀಟು ಖಾಲಿ ಇದ್ದರೂ ಅದು ನಿಮ್ಮದಲ್ಲ. “ಸಿಗುತ್ತದೆಯೋ ಇಲ್ಲವೋ ಎಂದು ಯೋಚಿಸುವುದು ಕಂಪ್ಯೂಟರಿನ ಕೆಲಸ. ಯಾವುದು ಬೇಕು ಎಂದು ಯೋಚಿಸುವುದು ನಿನ್ನ ಕೆಲಸ, ತಂಗಿ” ಎಂದರು.

ಹಾಗೆ ಕುಳಿತು ಅವಳೇ ಪಟ್ಟಿ ಮಾಡಿದಳು. ಮೊದಲಿಗೆ ಹುಬ್ಬಳ್ಳಿಯ ಕಿಮ್ಸ್. ಈಗ ಅದರ ಹೆಸರು ಬದಲಾಗಿದೆ, ಆದರೆ ನಮ್ಮ ಭಾಗದವರ ಬಾಯಲ್ಲಿ ಅದು ಕಿಮ್ಸ್. 1957ರಲ್ಲಿ ಶುರುವಾದ ಕಾಲೇಜು, ಸುತ್ತಲಿನ ಐದಾರು ಜಿಲ್ಲೆಗಳ ರೋಗಿಗಳು ಬಂದು ಬೀಳುವ ಆಸ್ಪತ್ರೆ. ರೋಗಿಗಳು ಹೆಚ್ಚಿದ್ದಷ್ಟು ಕಲಿಯುವುದು ಹೆಚ್ಚು, ಹಾಗಾಗಿ ಅಲ್ಲಿನ ಸೀಟು ಬೇಗ ಮುಗಿಯುತ್ತದೆ. ನಮ್ಮಪ್ಪನನ್ನು ಕಡೆಯ ದಿನಗಳಲ್ಲಿ ಅಲ್ಲಿಗೇ ಕರೆದುಕೊಂಡು ಹೋಗಿದ್ದೆ. ಹೊರಗಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕುಳಿತ ಜನರ ನಡುವೆ ರಾತ್ರಿ ಕಳೆದಿದ್ದೆ. ಮಗಳಿಗೆ ಅದು ನೆನಪಿತ್ತೆಂದು ಅವಳು ಪಟ್ಟಿ ಬರೆಯುವಾಗ ಗೊತ್ತಾಯಿತು. ಆಮೇಲೆ ಬೆಳಗಾವಿ, ಶಿವಮೊಗ್ಗ. ನಂತರ 2015ರಲ್ಲಿ ಆರಂಭವಾದ ಗದಗ, 2022ರಲ್ಲಿ ಆರಂಭವಾದ ನಮ್ಮ ಹಾವೇರಿ, ಆಚೆ ಕಾರವಾರ. ಹಾವೇರಿ ಮನೆಗೆ ಹತ್ತಿರ, ನನಗೆ ಅದೇ ಮೇಲಿರಲಿ ಎಂಬ ಆಸೆ. ಅವಳು ಗದಗವನ್ನು ಮೇಲಿಟ್ಟಳು. ಏಳು ವರ್ಷ ಮೊದಲು ಶುರುವಾದದ್ದು, ಆಗಲೇ ಕೆಲವು ತಂಡಗಳು ಓದಿ ಹೊರಬಿದ್ದಿವೆ ಎಂಬುದು ಅವಳ ಕಾರಣ. ನಾನು ಎದುರಾಡಲಿಲ್ಲ.

ಅಣಕು ಸೀಟು ಹಂಚಿಕೆಯಲ್ಲಿ ಒಂದು ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದ ಸೀಟು ಬಂತು. ಅಣಕು ಎಂದರೆ ತಾಲೀಮು ಇದ್ದಂತೆ, ಅದರಲ್ಲಿ ಬಂದದ್ದು ಕೈಗೆ ಸಿಗುವುದಿಲ್ಲ. ಅದನ್ನು ನೋಡಿ ಪಟ್ಟಿ ತಿದ್ದಿಕೊಳ್ಳಬಹುದು. ಮೊದಲ ಸುತ್ತಿನಲ್ಲಿಯೂ ಅದೇ ಬಂತು. ಆಗ ನಾಲ್ಕು ಆಯ್ಕೆಗಳು ಎದುರಾಗುತ್ತವೆ. ಇದೇ ಸಾಕು ಎನ್ನುವುದು ಮೊದಲನೆಯದು. ಇದನ್ನು ಹಿಡಿದುಕೊಂಡು ಮುಂದಿನ ಸುತ್ತಿಗೆ ಹೋಗುತ್ತೇನೆ ಎನ್ನುವುದು ಎರಡನೆಯದು. ಇದು ಬೇಡ, ಮುಂದಿನ ಸುತ್ತಿಗೆ ಹೋಗುತ್ತೇನೆ ಎನ್ನುವುದು ಮೂರನೆಯದು. ಎಲ್ಲ ಬಿಟ್ಟು ಹೊರಡುವುದು ನಾಲ್ಕನೆಯದು. ಊರಿನವರು ಸಿಕ್ಕಿದ್ದನ್ನು ಬಿಡಬೇಡ, ಮೊದಲನೆಯದನ್ನು ಒತ್ತು ಎಂದರು. ಅಕ್ಕಾವರು ಹಿಂದಿನ ವರ್ಷದ ಎರಡು ಸುತ್ತುಗಳ ಪಟ್ಟಿ ಅಕ್ಕಪಕ್ಕ ಇಟ್ಟು, ಗದಗದ ಕನ್ನಡ ಮಾಧ್ಯಮದ ಕಂಬದಲ್ಲಿ ಅಂಕಿ ಎಷ್ಟು ಮುಂದೆ ಸರಿದಿದೆ ಎಂದು ತೋರಿಸಿದರು. “ಈ ವರ್ಷವೂ ಇಷ್ಟೇ ಸರಿಯುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಎರಡನೆಯದನ್ನು ಒತ್ತಿದರೆ ಕೈಯಲ್ಲಿದ್ದದ್ದು ಹೋಗುವುದಿಲ್ಲ. ಮೇಲಿನದು ಸಿಕ್ಕರೆ ಮಾತ್ರ ಇದು ಬಿಟ್ಟುಹೋಗುತ್ತದೆ” ಎಂದರು. ಮಗಳು ಎರಡನೆಯದನ್ನು ಒತ್ತಿದಳು.

ಎರಡನೇ ಸುತ್ತಿನ ಫಲಿತಾಂಶ ಬಂದಾಗ ನಾನು ಪೇಟೆಯಲ್ಲಿ ಚೀಲದ ಲೆಕ್ಕ ಬರೆಯುತ್ತಿದ್ದೆ. ಮೊಬೈಲಿನಲ್ಲಿ ಮಗಳು ಮಾತನಾಡಲಾಗದೆ ಅಳುತ್ತಿದ್ದಳು. ಏನಾಯಿತೋ ಎಂದು ನನಗೆ ಎದೆ ಒಡೆದಂತಾಯಿತು. ಕೊನೆಗೆ ಅವಳ ತಾಯಿ ಮೊಬೈಲ್ ಕಸಿದುಕೊಂಡು, “ಗದಗ ಬಂತು. ಸರ್ಕಾರಿ” ಎಂದಳು. 3ಬಿಕೆ. ಊರಿನ ಕನ್ನಡ ಶಾಲೆಯ ಹತ್ತು ವರ್ಷಗಳು.

ಇನ್ನು ಅಂಗಡಿಯ ಕೊರತೆಗಳು. ಕೊನೆಯ ದಿನಾಂಕ ಹತ್ತಿರ ಬಂದಾಗ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ದಿನ ನಾವು ನಾಲ್ಕು ತಾಸು ಕಾದೆವು. ಒಂದೇ ಹೊತ್ತಿಗೆ ಮೂವರ ಕೆಲಸ ಕೈಗೆತ್ತಿಕೊಂಡು ಅಕ್ಕಾವರು ಮಗಳ ಪಟ್ಟಿಯಲ್ಲಿ ಎರಡು ಕಾಲೇಜುಗಳನ್ನು ಅದಲುಬದಲು ಮಾಡಿದ್ದರು. ಮಗಳು ಗಮನಿಸಿ ಹೇಳಿದ್ದರಿಂದ ಸರಿಹೋಯಿತು. ಆದ್ದರಿಂದ ನಿಮ್ಮ ಪಟ್ಟಿಯ ಮುದ್ರಿತ ಪ್ರತಿಯನ್ನು ಮನೆಗೆ ತಂದು ಸಮಾಧಾನದಿಂದ ಓದಿ, ಗಡುವು ಮುಗಿಯುವ ಮೊದಲು ತಿದ್ದಿಸಿ. ಇನ್ನೊಂದು ವಿಷಯ ನನಗೆ ಹಿಡಿಸಲಿಲ್ಲ. ಎಲ್ಲರ ಗುಪ್ತಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಕೆಟ್ಟ ಉದ್ದೇಶವಿಲ್ಲ, ಮರೆತು ಬರುವವರಿಗೆ ಅನುಕೂಲವಾಗಲಿ ಎಂದು. ಆದರೂ ಅದು ತಪ್ಪು. ನಾನು ಹೇಳಿದೆ, ಅವರು ನಮ್ಮ ಹಾಳೆ ಹರಿದು ಕೊಟ್ಟರು. ಒಟಿಪಿ ಬರುವ ಮೊಬೈಲ್ ಸಂಖ್ಯೆ ನಿಮ್ಮದೇ ಇರಲಿ, ಅಂಗಡಿಯದ್ದು ಬೇಡ. ಸರ್ಕಾರಿ ಕಾಲೇಜುಗಳ ಶೇ 15 ಸೀಟುಗಳ ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಕೆಲಸವನ್ನು ಅವರು ಮಾಡುವುದಿಲ್ಲ. ಅದು ದೆಹಲಿಯ ಸಮಿತಿ ನಡೆಸುವ ಬೇರೆ ಸೀಟು ಹಂಚಿಕೆ (ಕೌನ್ಸೆಲಿಂಗ್), ನನಗೆ ಪೂರ್ತಿ ತಿಳಿಯದು ಎಂದು ನೇರವಾಗಿ ಹೇಳುತ್ತಾರೆ. ಅದು ಬೇಕಾದವರಿಗೆ ಈ ಅಂಗಡಿ ಸಾಲದು.

ಒಟ್ಟು ಖರ್ಚು ಮುದ್ರಣವೂ ಸೇರಿ ಏಳುನೂರು ರೂಪಾಯಿ ಆಯಿತು. ಸೀಟು ಸಿಕ್ಕ ಮೇಲೆ ಹೆಚ್ಚಿಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಪೇಟೆಯಿಂದ ಎರಡು ಕಿಲೋ ಒಳ್ಳೆಯ ಡಬ್ಬಿ ಮೆಣಸಿನಕಾಯಿ ಒಯ್ದು ಕೊಟ್ಟೆ, ಅದನ್ನು ಇಟ್ಟುಕೊಂಡರು. ಹುಬ್ಬಳ್ಳಿಗೆ ಕೊಟ್ಟ ಐದು ಸಾವಿರ ಮರಳಿ ಬರಲಿಲ್ಲ.

ಹೋಗುವವರು ಈ ಕಾಗದಗಳನ್ನು ಮೊದಲೇ ಮಾಡಿಸಿಕೊಳ್ಳಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳಿಗೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಪ್ರಾಥಮಿಕ ಮತ್ತು ಪ್ರೌಢಶಾಲೆ ಬೇರೆಬೇರೆ ಆಗಿದ್ದರೆ ಎರಡೂ ಕಡೆಯಿಂದ ತರಬೇಕಾಗುತ್ತದೆ. ನಾವು ಬ್ಯಾಡಗಿಯ ಕಚೇರಿಗೆ ಮೂರು ಸಲ ಓಡಾಡಿದೆವು, ಬೇಸಿಗೆ ರಜೆಯಲ್ಲಿ ಸಹಿ ಹಾಕುವವರೇ ಸಿಗುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿರುವ ಹೆಸರು ಹತ್ತನೇ ತರಗತಿಯ ಅಂಕಪಟ್ಟಿಯ ಹೆಸರಿಗೆ ಅಕ್ಷರ ತಪ್ಪದೆ ಹೊಂದಬೇಕು. ಅಂಗಡಿ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ, ಭಾನುವಾರ ಬಾಗಿಲು ಹಾಕಿರುತ್ತದೆ. ಹತ್ತರ ಒಳಗೆ ಹೋದರೆ ಬೆಂಚಿನ ಮೇಲೆ ಜಾಗ ಸಿಗುತ್ತದೆ, ಅಕ್ಕಾವರಿಗೂ ನಿಮ್ಮ ಮಾತು ಕೇಳಲು ಬಿಡುವಿರುತ್ತದೆ. ಮಗನನ್ನೋ ಮಗಳನ್ನೋ ಜೊತೆಯಲ್ಲಿ ಕರೆದುಕೊಂಡೇ ಹೋಗಿ. ಅವರು ಮಾತನಾಡುವುದು ಮಕ್ಕಳೊಂದಿಗೆ.